ಹೆಬ್ಬೆರಳಿನ ಸಾಕ್ಷ್ಯ

ಆಪರೇಶನ್ ಥಿಯೇಟರಿನಲ್ಲಿ ಮಲಗಿದ ರೋಗಿಯ ಮೈಮೇಲೆ ಎಷ್ಟೊಂದು ವೈರು, ಎಷ್ಟೊಂದು ನಳಿಕೆ! ಎದೆಗೆ ಅಂಟಿಸಿದ ಬಿಲ್ಲೆಗಳು ಗುಂಡಿಗೆಯ ಬಡಿತವನ್ನು ಪರದೆಗೆ ಕಳಿಸುತ್ತಿರುತ್ತವೆ. ತೋಳಿಗೆ ಸುತ್ತಿದ ಪಟ್ಟಿ ಆಗಾಗ ತಾನೇ ಉಬ್ಬಿ ಬಿ.ಪಿ. ನೋಡುತ್ತದೆ. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ರಕ್ತದ ಆಮ್ಲಜನಕವನ್ನು ಹೇಳುತ್ತದೆ. ಕೋವಿಡ್ ಬಂದುಹೋದ ಮೇಲೆ ಅದು ಮನೆಮನೆಯ ಸಾಮಾನು. ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು, ಮೈಯ ಬಿಸಿ ಎಷ್ಟು, ಎಲ್ಲಕ್ಕೂ ಒಂದೊಂದು ಅಂಕಿ. ಇಷ್ಟೆಲ್ಲ ಅಳೆಯುವ ಕೋಣೆಯಲ್ಲಿ ಒಂದು ಮದ್ದಿನ ಪರಿಣಾಮವನ್ನು ಮಾತ್ರ ಬಹುಕಾಲ ಅಂದಾಜಿಗೆ ಬಿಟ್ಟಿದ್ದರು. ಎಷ್ಟೋ ಕಡೆ ಇವತ್ತಿಗೂ ಬಿಟ್ಟಿದ್ದಾರೆ. ಅದು ರೋಗಿಯ ಸ್ನಾಯುಗಳನ್ನು ಸಡಿಲಗೊಳಿಸುವ ಮದ್ದು. ಆ ಸ್ನಾಯುಗಳಲ್ಲಿ ಉಸಿರಾಡಿಸುವವೂ ಸೇರಿವೆ.

ಈ ಉಪನ್ಯಾಸದ ವಿಷಯ ಆ ಅಂದಾಜು, ಮತ್ತು ಅದರ ಜಾಗಕ್ಕೆ ಬಂದ ಅಳತೆ.

ಅರಿವಳಿಕೆಯೆಂದರೆ ಮತ್ತು ಬರಿಸಿ ಮಲಗಿಸುವುದು ಎಂದೇ ಸಾಮಾನ್ಯ ತಿಳಿವಳಿಕೆ. ಸಭೆಯಲ್ಲಿರುವ ಎಷ್ಟೋ ಜನ ಒಮ್ಮೆಯಾದರೂ ಆ ಮೇಜಿನ ಮೇಲೆ ಮಲಗಿ ಎದ್ದವರೇ ಇರಬಹುದು. ಅವರಿಗೂ ನೆನಪಿರುವುದು ಕೈಗೆ ಚುಚ್ಚಿದ್ದು, ಆಮೇಲೆ ಯಾರೋ ಹೆಸರು ಹಿಡಿದು ಕರೆದದ್ದು, ಅಷ್ಟೇ. ನಡುವೆ ನಡೆದದ್ದು ಮೂರು ಬೇರೆ ಬೇರೆ ಕೆಲಸ. ಅರಿವು ತಪ್ಪಿಸುವುದು ಒಂದು. ನೋವಿಗೆ ಮೈ ಸ್ಪಂದಿಸದಂತೆ ಮಾಡುವುದು ಇನ್ನೊಂದು. ಮೂರನೆಯದು ಸ್ನಾಯುಗಳ ಬಿಗುವು ತೆಗೆಯುವುದು. ಇವನ್ನು ಮೂರು ಬೇರೆ ಮದ್ದುಗಳಿಂದ ಮಾಡಬಹುದು, ಒಂದೇ ಮದ್ದನ್ನು ಮೂಗಿನವರೆಗೆ ತುಂಬಬೇಕಿಲ್ಲ ಎಂಬ ವಿಚಾರವನ್ನು ಗಟ್ಟಿಗೊಳಿಸಿದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನ ಸೆಸಿಲ್ ಗ್ರೇ ಮತ್ತು ಅವರ ಜೊತೆಗಾರರು, 1940ರ ದಶಕದಲ್ಲಿ.

ಬಿಗುವು ಯಾಕೆ ತೆಗೆಯಬೇಕು? ಶ್ವಾಸನಾಳಕ್ಕೆ ಟ್ಯೂಬು ಇಳಿಸುವಾಗ ಧ್ವನಿತಂತುಗಳು ತೆರೆದುಕೊಂಡು ಸುಮ್ಮನಿರಬೇಕು. ಹೊಟ್ಟೆ ಕೊಯ್ಯುವ ಸರ್ಜನ್‌ಗೆ ಹೊಟ್ಟೆಯ ಗೋಡೆ ಹಲಗೆಯ ಹಾಗೆ ಬಿಗಿದಿದ್ದರೆ ಕೈ ಆಡುವುದಿಲ್ಲ. ಕಣ್ಣಿನ, ಮಿದುಳಿನ ಆಪರೇಶನ್ನಿನಲ್ಲಿ ರೋಗಿ ಒಮ್ಮೆ ಕೆಮ್ಮಿದರೂ ಅನಾಹುತ. ಹಿಂದೆ ಇದಕ್ಕೆಲ್ಲ ಈಥರನ್ನೇ ಇನ್ನಷ್ಟು ಕೊಟ್ಟು, ರೋಗಿಯನ್ನು ಗುಂಡಿಗೆಗೆ ಅಪಾಯವಾಗುವಷ್ಟು ಆಳಕ್ಕೆ ಇಳಿಸಬೇಕಾಗುತ್ತಿತ್ತು.

ದಾರಿ ತೋರಿಸಿದ್ದು ಬಾಣದ ವಿಷ. ದಕ್ಷಿಣ ಅಮೆರಿಕದ ಕಾಡಿನ ಬೇಟೆಗಾರರು ಬಳ್ಳಿಗಳ ತೊಗಟೆ ಬೇಯಿಸಿ ಗಟ್ಟಿಮಾಡಿದ ಕುರಾರೆಯನ್ನು ಊದುಕೊಳವೆಯ ಬಾಣದ ತುದಿಗೆ ಹಚ್ಚುತ್ತಿದ್ದರು. ಬಾಣ ತಗುಲಿದ ಪ್ರಾಣಿ ಒದ್ದಾಡದೆ ಕುಸಿಯುತ್ತಿತ್ತು, ಅದರ ಮಾಂಸ ತಿಂದವರಿಗೆ ಏನೂ ಆಗುತ್ತಿರಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವಾಟರ್ಟನ್ ಎಂಬ ವಿಚಿತ್ರ ಸ್ವಭಾವದ ಜಮೀನುದಾರ ಆ ವಿಷವನ್ನು ಹುಡುಕಿಕೊಂಡು ಗಯಾನಾಕ್ಕೆ ಹೋಗಿ ಬಂದವನು. 1814ರಲ್ಲಿ ಲಂಡನ್ನಿನಲ್ಲಿ ಒಂದು ಹೆಣ್ಣು ಕತ್ತೆಗೆ ಅದನ್ನು ಕೊಟ್ಟರು. ಕತ್ತೆ ಕುಸಿಯಿತು, ಉಸಿರು ನಿಂತಿತು. ಗಂಟಲ ಕೊಳವೆಗೆ ತೂತು ಮಾಡಿ ತಿದಿಯಿಂದ ಗಂಟೆಗಟ್ಟಲೆ ಗಾಳಿ ಊದಿದರು. ಕತ್ತೆ ಎದ್ದು ನಿಂತಿತು. ವಿಷದ ಸ್ಥಳೀಯ ಹೆಸರನ್ನೇ ಅದಕ್ಕಿಟ್ಟು ವೂರಾಲಿಯಾ ಎಂದು ಕರೆದರು. ವಾಟರ್ಟನ್ನನ ಹುಲ್ಲುಗಾವಲಿನಲ್ಲಿ ಅದು 1839ರವರೆಗೆ ಆರಾಮವಾಗಿ ಬದುಕಿತ್ತು. ಉಸಿರಾಟಕ್ಕೆ ಆಸರೆ ಕೊಟ್ಟರೆ ಈ ವಿಷ ಕೊಲ್ಲುವುದಿಲ್ಲ ಎಂಬುದು ಅಲ್ಲಿಗೆ ತಿಳಿದುಹೋಯಿತು. ಮುಂದೆ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಕಪ್ಪೆಗಳ ಮೇಲೆ ಪ್ರಯೋಗ ಮಾಡಿ, ಕುರಾರೆ ಸ್ನಾಯುವನ್ನು ಕೆಡಿಸುವುದಿಲ್ಲ, ನರದ ಆಜ್ಞೆ ಸ್ನಾಯುವಿಗೆ ತಲುಪದಂತೆ ತಡೆಯುತ್ತದೆ ಎಂದು ತೋರಿಸಿಕೊಟ್ಟ.

ಮನುಷ್ಯನ ಅರಿವಳಿಕೆಗೆ ಅದು ಕಾಲಿಟ್ಟದ್ದು ತಡವಾಗಿ. 1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ಆಪರೇಶನ್ನಿಗೆ ಬಂದ ಒಬ್ಬ ಯುವಕನಿಗೆ ಶುದ್ಧೀಕರಿಸಿದ ಕುರಾರೆ ಕೊಟ್ಟರು. ಹೊಟ್ಟೆ ಮೆತ್ತಗಾಯಿತು, ರೋಗಿ ಸುಖವಾಗಿ ಎದ್ದ. ಅದೇ ವರ್ಷ 25 ರೋಗಿಗಳ ವರದಿ ಅಚ್ಚಾಯಿತು. ಆಸ್ಪತ್ರೆ ಹೋಮಿಯೋಪತಿಯದು ಎಂಬುದು ಈ ಕತೆಯ ತಮಾಷೆ.

ಆ ಕಾಲದ ಒಂದು ಸಂದೇಹವನ್ನು ಇಲ್ಲಿ ಹೇಳಲೇಬೇಕು. ಕುರಾರೆ ಮನುಷ್ಯನ ಅರಿವನ್ನೂ ಮಂಕಾಗಿಸುತ್ತದೆಯೇ? ಅಮೆರಿಕದ ಯೂಟಾದಲ್ಲಿ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ವೈದ್ಯ ತನ್ನ ಮೇಲೆಯೇ ಪರೀಕ್ಷೆ ಮಾಡಿಸಿಕೊಂಡ. ಉಸಿರು ನಿಲ್ಲಿಸಲು ಬೇಕಾಗುವುದರ ಎರಡೂವರೆ ಪಟ್ಟು ಮದ್ದನ್ನು, ಮತ್ತು ಬರಿಸುವ ಯಾವುದನ್ನೂ ಕೊಡದೆ, ಅವನ ಮೈಗೆ ಏರಿಸಿದರು. ಉಸಿರನ್ನು ಸಹೋದ್ಯೋಗಿಗಳು ನಡೆಸಿದರು. ರೆಪ್ಪೆ ಕೂಡ ಅಲುಗಿಸಲಾಗದೆ ಬಿದ್ದಿದ್ದ ಸ್ಮಿತ್, ಮಾತು ಮರಳಿದ ಮೇಲೆ, ಸುತ್ತ ನಡೆದದ್ದನ್ನೆಲ್ಲ ವಿವರವಾಗಿ ಹೇಳಿದ. ಅವನಿಗೆ ನೋವೂ ತಿಳಿದಿತ್ತು. 1947ರಲ್ಲಿ ಪ್ರಕಟವಾದ ಈ ವರದಿಯಿಂದ ಗೊಂದಲ ತೀರಿತು: ಈ ಮದ್ದು ಕಟ್ಟಿಹಾಕುತ್ತದೆ, ಮಲಗಿಸುವುದಿಲ್ಲ. ಅದರ ಇನ್ನೊಂದು ಮುಖ ಬಹಳ ವರ್ಷಗಳ ನಂತರ ಅಂಕಿಗಳಲ್ಲಿ ಕಂಡಿತು. ಆಪರೇಶನ್ ನಡುವೆ ಎಚ್ಚರವಾದವರ ಬಗ್ಗೆ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದ ದೊಡ್ಡ ಸಮೀಕ್ಷೆಯ ವರದಿ ಬಂದದ್ದು 2014ರಲ್ಲಿ. ಸ್ನಾಯು ಸಡಿಲಿಸುವ ಮದ್ದು ಬಳಸಿದಲ್ಲಿ ಸುಮಾರು 8,000 ಅರಿವಳಿಕೆಗೆ ಒಂದರಂತೆ, ಬಳಸದಲ್ಲಿ ಸುಮಾರು 1,36,000ಕ್ಕೆ ಒಂದರಂತೆ ಅಂಥ ದೂರು ಬಂದಿತ್ತು. ಕೈಕಾಲು ಆಡುವವನು ಅಲುಗಿ ತನ್ನ ಎಚ್ಚರವನ್ನು ತಿಳಿಸುತ್ತಾನೆ; ಕಟ್ಟಿಹಾಕಿಸಿಕೊಂಡವನಿಗೆ ಆ ದಾರಿಯೂ ಇಲ್ಲ. ಮದ್ದಿನ ಪ್ರಭಾವ ಇಳಿಯುವ ಮೊದಲೇ ನಿದ್ದೆ ಬಿಡಿಸಿಬಿಟ್ಟ ಪ್ರಸಂಗಗಳೂ ಆ ವರದಿಯಲ್ಲಿದ್ದವು.

ಹೊಸ ಮದ್ದಿನ ಸಂಭ್ರಮಕ್ಕೆ ಮೊದಲ ಪೆಟ್ಟು ಬಿದ್ದದ್ದು 1954ರಲ್ಲಿ. ಹೆನ್ರಿ ಬೀಚರ್ ಮತ್ತು ಡೊನಾಲ್ಡ್ ಟಾಡ್ ಅಮೆರಿಕದ ಹತ್ತು ಆಸ್ಪತ್ರೆಗಳ ಐದು ವರ್ಷಗಳ ಲೆಕ್ಕ ತೆಗೆದರು; ಹತ್ತಿರ ಹತ್ತಿರ ಆರು ಲಕ್ಷ ಅರಿವಳಿಕೆಗಳು. ಸಡಿಲಿಸುವ ಮದ್ದು ಪಡೆದವರಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು 370ಕ್ಕೆ ಒಂದು, ಪಡೆಯದವರಲ್ಲಿ 2,100ಕ್ಕೆ ಒಂದು. ಆರು ಪಟ್ಟು ವ್ಯತ್ಯಾಸ. ಮದ್ದಿನಲ್ಲೇ ಏನೋ ವಿಷವಿದೆ ಎಂದು ಅವರು ಶಂಕಿಸಿದರು, ದೊಡ್ಡ ಗದ್ದಲವಾಯಿತು. ಇವತ್ತು ಹಿಂತಿರುಗಿ ನೋಡಿದರೆ ಮದ್ದಿಗಿಂತ ಅದನ್ನು ಬಳಸಿದ ರೀತಿಯ ಮೇಲೆಯೇ ಅನುಮಾನ ಹೆಚ್ಚು ಹೋಗುತ್ತದೆ. ಎಷ್ಟೋ ರೋಗಿಗಳ ಉಸಿರಿಗೆ ಸಾಕಷ್ಟು ಆಸರೆ ಕೊಡುತ್ತಿರಲಿಲ್ಲ. ಕೊಟ್ಟ ಮದ್ದು ಇಳಿದಿದೆಯೋ ಇಲ್ಲವೋ ಎಂದು ನೋಡುವ ಉಪಾಯವೂ ವೈದ್ಯರ ಕೈಯಲ್ಲಿ ಇರಲಿಲ್ಲ.

ಇಳಿಯದೆ ಉಳಿದ ಪ್ರಭಾವ ಕಣ್ಣಿಗೆ ಬೀಳುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಬೀಳುವುದಿಲ್ಲ, ಅದಕ್ಕೆ ಕಾರಣ ನಮ್ಮ ಮೈಯ ಧಾರಾಳತನ. ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೆಳೆಗಿಂತ ಎಷ್ಟೋ ಸಣ್ಣ ಬಿರುಕಿದೆ. ನರ ಅಸಿಟೈಲ್‌ಕೋಲಿನ್ ಎಂಬ ರಸವನ್ನು ಚಿಮ್ಮುತ್ತದೆ. ಆಚೆ ದಡದ ಗ್ರಾಹಕಗಳು ಅದನ್ನು ಹಿಡಿದುಕೊಂಡಾಗ ಸ್ನಾಯು ಸೆಟೆಯುತ್ತದೆ. ಕುರಾರೆಯೂ ಅದರ ಇಂದಿನ ಮರಿಗಳಾದ ವೆಕ್ಯುರೋನಿಯಂ, ರೊಕ್ಯುರೋನಿಯಂ, ಅಟ್ರಕ್ಯೂರಿಯಂಗಳೂ ಆ ಗ್ರಾಹಕಗಳ ಮೇಲೆ ಕೂತು ಜಾಗ ಬಿಡುವುದಿಲ್ಲ. ಆದರೆ ಗ್ರಾಹಕಗಳು ಬೇಕಾದ್ದಕ್ಕಿಂತ ಬಹಳ ಹೆಚ್ಚಿವೆ. ಜಾತ್ರೆಯ ತೇರನ್ನು ಇಪ್ಪತ್ತೈದು ಜನ ಎಳೆಯಬಲ್ಲರು, ಹಗ್ಗ ಹಿಡಿದವರು ನೂರು ಮಂದಿ ಎಂದುಕೊಳ್ಳಿ. ಎಪ್ಪತ್ತು ಜನ ಹಗ್ಗ ಬಿಟ್ಟರೂ ತೇರು ಮುಂದೆ ಸಾಗುತ್ತದೆ. ರಸ್ತೆಬದಿಯಲ್ಲಿ ನಿಂತವರಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಸ್ನಾಯುವಿನಲ್ಲೂ ನೂರಕ್ಕೆ 70-75ರಷ್ಟು ಗ್ರಾಹಕಗಳು ಮುಚ್ಚಿಹೋಗುವ ತನಕ ಒಂಟಿ ಸೆಳೆತದ ಬಲ ಕುಗ್ಗುವುದೇ ಇಲ್ಲ. ಅಂದರೆ ಬಲ ಪೂರ್ತಿ ಮರಳಿದಂತೆ ಕಂಡಾಗಲೂ ಮುಕ್ಕಾಲು ಪಾಲು ಗ್ರಾಹಕಗಳು ಇನ್ನೂ ಮದ್ದಿನ ವಶದಲ್ಲಿರಬಹುದು.

ಇನ್ನೂ ಒಂದು ತೊಡಕಿದೆ. ಎಲ್ಲ ಸ್ನಾಯುಗಳೂ ಒಂದೇ ಸಮ ಮಣಿಯುವುದಿಲ್ಲ. ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಗಟ್ಟಿ ಆಸಾಮಿ, ಎಲ್ಲಕ್ಕಿಂತ ಮೊದಲು ಚೇತರಿಸಿಕೊಳ್ಳುತ್ತದೆ. ಗಂಟಲಿನ, ನಾಲಿಗೆಬುಡದ ಸ್ನಾಯುಗಳು ನಾಜೂಕಿನವು, ಕೊನೆಗೆ ಏಳುತ್ತವೆ. ಎದೆ ಏರಿಳಿಯುತ್ತಿದೆ, ಪರದೆಯ ಮೇಲೆ ಉಸಿರಿನ ಅಲೆ ಚೆನ್ನಾಗಿದೆ ಎಂದು ಟ್ಯೂಬು ತೆಗೆದ ಕ್ಷಣದಲ್ಲಿ ಗಂಟಲು ಇನ್ನೂ ಜೋಲುತ್ತಿರಬಹುದು. ಆಗ ಗಾಳಿಯ ದಾರಿ ಮುಚ್ಚಿಕೊಳ್ಳಬಹುದು, ಎಂಜಲು ಶ್ವಾಸಕೋಶಕ್ಕೆ ಇಳಿಯಬಹುದು.

ಅಳೆಯುವ ಉಪಾಯ ಹಾಗಿದ್ದರೆ ಏನು? ನರಕ್ಕೆ ನಾವೇ ಒಂದು ವಿದ್ಯುತ್ ಪೆಟ್ಟು ಕೊಟ್ಟು ಸ್ನಾಯುವಿನ ಉತ್ತರ ನೋಡುವುದು. ಮಣಿಕಟ್ಟಿನಲ್ಲಿ, ಕಿರುಬೆರಳಿನ ಬದಿಗೆ, ಚರ್ಮದ ಕೆಳಗೇ ಅಲ್ನಾರ್ ನರ ಹಾದುಹೋಗುತ್ತದೆ. ಅದರ ಮೇಲೆ ಇ.ಸಿ.ಜಿ.ಗೆ ಹಚ್ಚುವಂಥದೇ ಎರಡು ಅಂಟುಬಿಲ್ಲೆ ಹಚ್ಚಿ ಪೆಟ್ಟು ಕೊಟ್ಟರೆ ಹೆಬ್ಬೆರಳು ಅಂಗೈಯ ಕಡೆಗೆ ಎಳೆದುಕೊಳ್ಳುತ್ತದೆ. ಇದು ರೋಗಿಯ ಇಚ್ಛೆಯನ್ನು ಕೇಳದ ಸಾಕ್ಷಿ. ಗಾಢ ನಿದ್ದೆಯಲ್ಲಿದ್ದವನ ಹೆಬ್ಬೆರಳೂ ಉತ್ತರ ಕೊಡುತ್ತದೆ. ಕಲಿಯುವ ವೈದ್ಯರು ಯಂತ್ರವನ್ನು ತಮ್ಮ ಕೈಗೇ ಹಚ್ಚಿಕೊಂಡು ನೋಡುವುದುಂಟು, ಎರಡನೆಯ ಸಲ ಹಚ್ಚಿಕೊಳ್ಳುವವರು ಕಡಿಮೆ. ಪೂರ್ತಿ ಪ್ರಮಾಣದ ಪೆಟ್ಟು ಎಚ್ಚರವಿದ್ದವರಿಗೆ ಚುರುಕ್ಕೆನ್ನುತ್ತದೆ.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕ್ರಿಸ್ಟಿ ಮತ್ತು ಚರ್ಚಿಲ್-ಡೇವಿಡ್‌ಸನ್ ಇಂಥ ಕೈಯಂತ್ರವನ್ನು 1958ರಲ್ಲೇ ಬಳಕೆಗೆ ತಂದರು. ಒಂಟಿ ಪೆಟ್ಟಿಗೆ ಒಂದು ದೋಷವಿತ್ತು: ಮೊದಲು ಎಷ್ಟಿತ್ತು ಎಂದು ಗೊತ್ತಿಲ್ಲದೆ ಈಗ ಎಷ್ಟಿದೆ ಎಂದು ಹೇಳುವುದು ಹೇಗೆ? ಪರಿಹಾರ ಬಂದದ್ದು ಮತ್ತೆ ಲಿವರ್‌ಪೂಲ್‌ನಿಂದ. 1970ರ ಸುಮಾರಿಗೆ ಹಸನ್ ಅಲಿ, ಜಾನ್ ಅಟಿಂಗ್ ಮತ್ತು ಅದೇ ಸೆಸಿಲ್ ಗ್ರೇ ನಾಲ್ಕು ಪೆಟ್ಟುಗಳ ಸರಣಿಯನ್ನು ಮುಂದಿಟ್ಟರು. ಥಿಯೇಟರಿನ ಮಾತಿನಲ್ಲಿ ಅದು ಟ್ರೈನ್ ಆಫ್ ಫೋರ್, ಇನ್ನೂ ಚಿಕ್ಕದಾಗಿ ಟಿ.ಓ.ಎಫ್. ಅರ್ಧ ಸೆಕೆಂಡಿಗೆ ಒಂದರಂತೆ ನಾಲ್ಕು ಪೆಟ್ಟು. ಮದ್ದಿಲ್ಲದ ಕೈಯಲ್ಲಿ ಹೆಬ್ಬೆರಳು ನಾಲ್ಕು ಸಲವೂ ಸಮನಾಗಿ ಕುಣಿಯುತ್ತದೆ. ಮದ್ದಿದ್ದರೆ ಎರಡನೆಯದು ಮೊದಲನೆಯದಕ್ಕಿಂತ, ಮೂರನೆಯದು ಎರಡನೆಯದಕ್ಕಿಂತ ಸೋಲುತ್ತ ಹೋಗುತ್ತದೆ. ನಾಲ್ಕನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಅಂಕಿಯೇ ಅಳತೆ. ಪೂರ್ಣ ಚೇತರಿಕೆಯೆಂದರೆ 1. ನಾಲ್ಕನೆಯದು ಮೊದಲನೆಯದರ ಅರ್ಧವಿದ್ದರೆ 0.5. ಮದ್ದು ಆಳವಾಗಿದ್ದಾಗ ಮೊದಲು ನಾಲ್ಕನೆಯ ಕುಣಿತ ಮಾಯವಾಗುತ್ತದೆ, ಆಮೇಲೆ ಮೂರನೆಯದು, ಕೊನೆಗೆ ಯಾವುದೂ ಉಳಿಯುವುದಿಲ್ಲ. ಸರಣಿ ತನ್ನನ್ನು ತನ್ನೊಂದಿಗೇ ಹೋಲಿಸಿಕೊಳ್ಳುವುದರಿಂದ ಹಿಂದಿನ ಅಳತೆಯ ಹಂಗಿಲ್ಲ. ಈ ವೈದ್ಯಕೀಯ ಶಾಖೆಯಲ್ಲಿ ಇಷ್ಟು ಸರಳವೂ ಇಷ್ಟು ಜಾಣತನದ್ದೂ ಆದ ಇನ್ನೊಂದು ಉಪಾಯ ಸಿಗುವುದು ಕಷ್ಟ.

ನಾಲ್ಕೂ ಕುಣಿತ ಇಲ್ಲದಷ್ಟು ಆಳಕ್ಕೂ ಒಂದು ದಾರಿಯಿದೆ. ಐದು ಸೆಕೆಂಡು ಒಂದೇ ಸಮನೆ ವೇಗದ ಪೆಟ್ಟು ಕೊಟ್ಟು, ಮೂರು ಸೆಕೆಂಡು ಬಿಟ್ಟು, ಆಮೇಲೆ ಸೆಕೆಂಡಿಗೊಂದರಂತೆ ಕೊಟ್ಟಾಗ ಎಷ್ಟು ಸಲ ಬೆರಳು ಅಲುಗಿತೆಂದು ಎಣಿಸುವುದು. ಡೆನ್ಮಾರ್ಕಿನ ಯೋರ್ಗೆನ್ ವಿಬಿ-ಮೊಗೆನ್ಸೆನ್ 1981ರಲ್ಲಿ ಕೊಟ್ಟ ಉಪಾಯ ಇದು.

ಈ ವಿಬಿ-ಮೊಗೆನ್ಸೆನ್‌ರೇ ಕೋಪನ್‌ಹೇಗನ್ನಿನಲ್ಲಿ, ರಿಕವರಿ ಕೋಣೆಗೆ ಬಂದ 72 ರೋಗಿಗಳ ಹೆಬ್ಬೆರಳನ್ನು ಅಳೆದು 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರೂ ಮದ್ದಿನಿಂದ ಹೊರಬಂದಿದ್ದಾರೆ ಎಂದು ವೈದ್ಯರು ತೀರ್ಮಾನಿಸಿ ಕಳಿಸಿದವರೇ. 0.7 ಇದ್ದರೆ ಸಾಕು ಎಂದು ನಂಬಿದ್ದ ಕಾಲ ಅದು. ಆ ಮಟ್ಟವನ್ನೂ ಮುಟ್ಟದವರು ನೂರಕ್ಕೆ 42 ಜನ. ಅದಾದ ಮೇಲೆ ಅವರ ತಂಡವೇ ಇನ್ನೊಂದು ಅಹಿತಕರ ಸತ್ಯವನ್ನು ಎತ್ತಿ ತೋರಿಸಿತು. ಅಂಕಿ ತೋರಿಸದ ಸಾದಾ ಯಂತ್ರದಿಂದ ಪೆಟ್ಟು ಕೊಟ್ಟು, ಹೆಬ್ಬೆರಳನ್ನು ಕಣ್ಣಿನಿಂದ ನೋಡಿ ಅಥವಾ ಬೆರಳಿನಿಂದ ಮುಟ್ಟಿ, ನಾಲ್ಕನೆಯ ಕುಣಿತ ಸೋತಿದೆಯೇ ಎಂದು ಹೇಳಲು ನುರಿತವರನ್ನು ಕೇಳಿದರು. 0.4 ದಾಟಿದ ಮೇಲೆ ನುರಿತವರಿಗೂ ವ್ಯತ್ಯಾಸ ತಿಳಿಯಲಿಲ್ಲ. ಮೊದಲನೆಯ ಮತ್ತು ನಾಲ್ಕನೆಯ ಕುಣಿತಗಳ ನಡುವೆ ಎರಡು ಬಂದು ಹೋಗುವುದರಿಂದ ಮೊದಲನೆಯದರ ನೆನಪು ಕೈಗೆ ಉಳಿಯುವುದಿಲ್ಲ.

ತಲೆ ಎತ್ತಿ ಐದು ಸೆಕೆಂಡು ಹಿಡಿಯಿರಿ, ಕೈ ಗಟ್ಟಿಯಾಗಿ ಒತ್ತಿ, ನಾಲಿಗೆ ಚಾಚಿ ಎಂದು ಕೇಳುವ ಹಳೆಯ ಪರೀಕ್ಷೆಗಳೂ ಇಷ್ಟೇ. ಅಮೆರಿಕದ ಏರನ್ ಕಾಪ್ಮನ್ ಎಚ್ಚರವಿದ್ದ ಹತ್ತು ಸ್ವಯಂಸೇವಕರಿಗೆ ಮದ್ದು ಕೊಟ್ಟು 1997ರಲ್ಲಿ ವರದಿ ಮಾಡಿದರು. 0.7ರ ಹೊತ್ತಿಗೆ ಅವರು ತಲೆಯನ್ನೇನೋ ಎತ್ತಿ ಹಿಡಿಯುತ್ತಿದ್ದರು. ಆದರೆ ಹಲ್ಲಿನ ನಡುವೆ ಇಟ್ಟ ಮರದ ಪಟ್ಟಿಯನ್ನು ಎಳೆದರೆ ಕಚ್ಚಿ ಹಿಡಿಯಲಾಗುತ್ತಿರಲಿಲ್ಲ. ಒಂದು ವಸ್ತು ಎರಡಾಗಿ ಕಾಣುವುದು 0.9 ದಾಟಿದ ಮೇಲೂ ಹೋಗಿರಲಿಲ್ಲ. ಸ್ವೀಡನ್ನಿನ ಲಾರ್ಸ್ ಎರಿಕ್‌ಸನ್ ಮತ್ತು ಜೊತೆಯವರು ಇನ್ನೂ ಗಂಭೀರವಾದದ್ದನ್ನು ಕಂಡರು. 0.7ರಲ್ಲಿ ರಕ್ತದ ಆಮ್ಲಜನಕ ಕಡಿಮೆಯಾದಾಗ ಜೋರಾಗಿ ಉಸಿರೆಳೆಯುವ ಸಹಜ ಪ್ರತಿಕ್ರಿಯೆಯೇ ಸುಮಾರು ನೂರಕ್ಕೆ 30ರಷ್ಟು ಕುಗ್ಗಿತ್ತು. ಮದ್ದು ಸ್ನಾಯುವನ್ನಷ್ಟೇ ಅಲ್ಲ, ಕುತ್ತಿಗೆಯ ರಕ್ತನಾಳದ ಬಳಿ ಆಮ್ಲಜನಕವನ್ನು ಗಮನಿಸುವ ಪುಟ್ಟ ಅಂಗವನ್ನೂ ತಟ್ಟಿತ್ತು. 0.9ಕ್ಕಿಂತ ಕೆಳಗಿದ್ದಾಗ ಗುಟುಕು ತಪ್ಪಿ ಶ್ವಾಸನಾಳದ ಬಾಯಿಗೆ ಜಾರುತ್ತಿತ್ತು. ಹೀಗೆ 0.7ರ ಗೆರೆ ಅಳಿದು 0.9ರ ಗೆರೆ ಬಂತು.

ಅರಿವಳಿಕೆ ವೈದ್ಯರ ಅತಿ ಮೆಚ್ಚಿನ ಸಮಾಧಾನ ಒಂದಿದೆ: ಒಂದೇ ಡೋಸ್ ಕೊಟ್ಟಿದ್ದು, ಅದೂ ಯಾವಾಗಲೋ, ಈಗ ಇಳಿದೇ ಇರುತ್ತದೆ. ಫ್ರಾನ್ಸಿನ ಬರ್ಟ್ರಾಂಡ್ ಡೆಬೆನ್ ಅದನ್ನೇ ಪರೀಕ್ಷಿಸಿದರು. ಟ್ಯೂಬು ಹಾಕಲು ಒಂದೇ ಒಂದು ಸಲ ಮದ್ದು ಪಡೆದ 526 ರೋಗಿಗಳಲ್ಲಿ ನೂರಕ್ಕೆ 45 ಮಂದಿ ರಿಕವರಿಗೆ ಬಂದಾಗ 0.9ರ ಕೆಳಗಿದ್ದರು. ಮದ್ದು ಕೊಟ್ಟು ಎರಡು ಗಂಟೆ ಕಳೆದ ಮೇಲೆ ಅಳೆದವರಲ್ಲೂ ನೂರಕ್ಕೆ 37 ಮಂದಿ. ಅದು 2003ರ ವರದಿ. ಒಂದೇ ತೂಕದ ಇಬ್ಬರಿಗೆ ಒಂದೇ ಪ್ರಮಾಣ ಕೊಟ್ಟರೂ ಒಬ್ಬನಿಗೆ ಅರ್ಧ ಗಂಟೆಗೆ, ಇನ್ನೊಬ್ಬನಿಗೆ ಒಂದೂವರೆ ಗಂಟೆಗೆ ಇಳಿದೀತು. ಗಡಿಯಾರ ನೋಡಿ ಹೇಳುವ ಸಂಗತಿಯಲ್ಲ ಇದು.

ಇಷ್ಟು ಪುರಾವೆ ಇದ್ದೂ ಯಂತ್ರ ಬೀರುವಿನಲ್ಲೇ ಉಳಿದದ್ದೇಕೆ? ಬೆಲೆ ಒಂದು ಕಾರಣ, ನಮ್ಮಲ್ಲಂತೂ ಅದು ನಿಜವಾದ ಕಾರಣ. ತಾಲ್ಲೂಕು ಆಸ್ಪತ್ರೆಯ ಒಂಟಿ ಅರಿವಳಿಕೆ ವೈದ್ಯರಿಗೆ ಮೊದಲು ಬೇಕಾದದ್ದು ಕೈಕೊಡದ ಆಮ್ಲಜನಕ, ಕೆಲಸ ಮಾಡುವ ಸಕ್ಷನ್. ಯಂತ್ರಗಳ ಕಿರಿಕಿರಿಯೂ ಇತ್ತು. ಹೆಬ್ಬೆರಳಿಗೆ ಅಂಟಿಸಿದ ಸಣ್ಣ ತುಣುಕಿನಿಂದ ಅದರ ವೇಗೋತ್ಕರ್ಷ ಅಳೆಯುವ ಬಗೆ 1980ರ ದಶಕದಲ್ಲಿ ಬಂತು. ತೂಕ ಬದಲಾಗದಿರುವಾಗ ವೇಗೋತ್ಕರ್ಷ ಬಲಕ್ಕೆ ಸಮಾನುಪಾತ ಎಂಬ ನ್ಯೂಟನ್ನನ ಪಾಠವೇ ಅದರ ಆಧಾರ. ಹೆಬ್ಬೆರಳು ತಡೆಯಿಲ್ಲದೆ ಆಡಬೇಕು, ಆದರೆ ಲ್ಯಾಪ್ರೋಸ್ಕೋಪಿಯಲ್ಲಿ ರೋಗಿಯ ಕೈಗಳನ್ನು ಮೈಗೆ ಸೇರಿಸಿ ಬಟ್ಟೆಯಡಿ ಸುತ್ತಿರುತ್ತಾರೆ. ಕೈ ಸಿಗದಿದ್ದಾಗ ಹುಬ್ಬಿನ ಮೇಲೆ ಬಿಲ್ಲೆ ಹಚ್ಚುವ ಅಭ್ಯಾಸ ಬೆಳೆಯಿತು, ಅದು ಇನ್ನೊಂದು ಮೋಸ. ಹುಬ್ಬಿನ ಸ್ನಾಯು ವಪೆಯ ಹಾಗೆ ಬೇಗ ಏಳುತ್ತದೆ. ಅಮೆರಿಕದ ಒಂದು ಅಧ್ಯಯನದಲ್ಲಿ ಕಣ್ಣಿನ ಸುತ್ತಲ ಸ್ನಾಯುವನ್ನು ನಂಬಿದವರ ರೋಗಿಗಳಲ್ಲಿ ಮದ್ದು ಉಳಿದುಕೊಳ್ಳುವ ಅಪಾಯ ಸುಮಾರು ಐದು ಪಟ್ಟು ಹೆಚ್ಚಿತ್ತು. ಸ್ನಾಯುವಿನ ವಿದ್ಯುತ್ತನ್ನೇ ಅಳೆಯುವ ಹೊಸ ಯಂತ್ರಗಳಿಗೆ ಬೆರಳು ಅಲುಗಬೇಕಾದ ಅಗತ್ಯವಿಲ್ಲ, ಬಟ್ಟೆಯಡಿಯೂ ನಡೆಯುತ್ತದೆ.

ಆದರೆ ಹಣವಿದ್ದ ದೇಶಗಳಲ್ಲೂ ಬಳಕೆ ಕಡಿಮೆಯೇ ಇತ್ತಲ್ಲ. ಮೊಹಮದ್ ನಗೀಬ್ ಮತ್ತಿತರರು 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಇದಕ್ಕೆ ಉತ್ತರ ಕೊಡುತ್ತದೆ. 80 ದೇಶಗಳ 1,629 ಅರಿವಳಿಕೆ ತಜ್ಞರಿಗೆ ಈ ವಿಷಯದ ಪ್ರಶ್ನೆಗಳನ್ನು ಕೊಟ್ಟು, ನಿಮ್ಮ ಉತ್ತರದ ಮೇಲೆ ನಿಮಗೆಷ್ಟು ಭರವಸೆ ಎಂದೂ ಕೇಳಿದರು. ಸರಿಯುತ್ತರ ನೂರಕ್ಕೆ 57, ಭರವಸೆ ನೂರಕ್ಕೆ 84. ತಮಗಿರುವ ತಿಳಿವಳಿಕೆಗಿಂತ ಹೆಚ್ಚು ಭರವಸೆ ಇಟ್ಟುಕೊಂಡವರು ನೂರಕ್ಕೆ 92 ಜನ. ವೈದ್ಯರನ್ನು ಹಳಿಯಲು ಈ ಅಂಕಿ ಬಳಸುವುದು ಸುಲಭ, ಆದರೆ ಅದು ಅನ್ಯಾಯವಾದೀತು. ಮದ್ದು ಉಳಿದುಕೊಂಡ ರೋಗಿಗೆ ತೊಂದರೆಯಾಗುವುದು ಹೆಚ್ಚಾಗಿ ರಿಕವರಿಯಲ್ಲಿ ಅಥವಾ ವಾರ್ಡಿನಲ್ಲಿ. ಎರಡು ದಿನದ ಮೇಲೆ ನ್ಯುಮೋನಿಯಾ ಆದರೆ ಅದನ್ನು ಬೀಡಿ ಚಟದ ಖಾತೆಗೋ ಹೊಟ್ಟೆಯ ಗಾಯದ ಖಾತೆಗೋ ಬರೆಯುತ್ತಾರೆ. ಅರಿವಳಿಕೆ ಕೊಟ್ಟವರು ಅಷ್ಟರಲ್ಲಿ ಮುಂದಿನ ಕೇಸಿನಲ್ಲಿರುತ್ತಾರೆ. ತಪ್ಪು ತನ್ನ ಬಾಗಿಲಿಗೆ ಹಿಂತಿರುಗಿ ಬಾರದಿದ್ದರೆ ಯಾರಿಗೆ ತಾನೇ ಅನುಮಾನ ಬಂದೀತು?

ಕರ್ನಾಟಕದ ವೈದ್ಯರಿಗೆ ಈ ಅಳತೆ ಯಾಕೆ ಮುಖ್ಯ ಎನ್ನುವುದಕ್ಕೆ ಇಲ್ಲಿಯದೇ ಕಾರಣಗಳಿವೆ. ಟ್ಯೂಬು ಬೇಗ ಹಾಕಬೇಕಾದಾಗ ಕೊಡುವ ಸಕ್ಸಮೆಥೋನಿಯಂ, ಥಿಯೇಟರಿನ ಮಾತಿನಲ್ಲಿ ಸ್ಕೋಲಿನ್, ಕೆಲವೇ ನಿಮಿಷದ ಮದ್ದು. ರಕ್ತದಲ್ಲಿರುವ ಸ್ಯೂಡೋಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದುಹಾಕುತ್ತದೆ. ಹುಟ್ಟಿನಿಂದಲೇ ಆ ಕಿಣ್ವದ ಕೊರತೆಯಿರುವವರಿಗೆ ನಿಮಿಷಗಳ ಮದ್ದು ಗಂಟೆಗಳಾಗುತ್ತದೆ. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಉಳಿದವರಿಗಿಂತ ಹೆಚ್ಚು ಕಾಣುತ್ತದೆ. ಕಿಣ್ವದ 307ನೇ ಸ್ಥಾನದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಕೂತಿರುವ ಮಾರ್ಪಾಡನ್ನು 2006ರಲ್ಲಿ ಗುರುತಿಸಿದ್ದಾರೆ. ದಿನನಿತ್ಯದ ಬದುಕಿಗೆ ಇದರಿಂದ ಯಾವ ಬಾಧಕವೂ ಇಲ್ಲ, ಕಾಯಿಲೆಯೂ ಅಲ್ಲ. ಮೇಜಿನ ಮೇಲೆ ಮಾತ್ರ ಅದು ಗೊತ್ತಾಗುವುದು. ಆಗ ಬೇಕಾದದ್ದು ಎರಡೇ: ಮದ್ದು ಇಳಿಯುವವರೆಗೆ ವೆಂಟಿಲೇಟರಿನ ಉಸಿರು ಮತ್ತು ನಿದ್ದೆ, ಇಳಿಯಿತೋ ಇಲ್ಲವೋ ಹೇಳುವ ಹೆಬ್ಬೆರಳು. 1958ರ ಸೇಂಟ್ ಥಾಮಸ್ ಯಂತ್ರ ಹುಟ್ಟಿದ್ದೇ ಆಪರೇಶನ್ ಮುಗಿದರೂ ಉಸಿರು ಬಾರದ ರೋಗಿಗಳಲ್ಲಿ ಕಾರಣ ಹುಡುಕಲು.

ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಹೊಟ್ಟೆಗೆ ಸೇರಿದವರಲ್ಲೂ ಇದೇ ಕಿಣ್ವ ಸತ್ತುಹೋಗಿರುತ್ತದೆ. ಅಂಥವರಿಗೆ ತುರ್ತಿನಲ್ಲಿ ಸ್ಕೋಲಿನ್ ಕೊಟ್ಟು ಟ್ಯೂಬು ಹಾಕಿದರೆ ಅದೂ ಗಂಟೆಗಟ್ಟಲೆ ಹಿಡಿದೀತು. ಗರ್ಭಿಣಿಯರ ನಂಜಿಗೆ ಕೊಡುವ ಮೆಗ್ನೀಷಿಯಂ ಸಲ್ಫೇಟು ರೊಕ್ಯುರೋನಿಯಂನಂಥ ಮದ್ದುಗಳ ಪ್ರಭಾವವನ್ನು ಹೆಚ್ಚಿಸಿ ಉದ್ದ ಮಾಡುತ್ತದೆ. ಇನ್ನು ನಾಗರಹಾವಿನ ವಿಷದ ಒಂದು ಅಂಶ ಕೂರುವುದು ಕುರಾರೆ ಕೂರುವ ಅದೇ ಗ್ರಾಹಕದ ಮೇಲೆ. ರೆಪ್ಪೆ ಜೋತು, ಮಾತು ತೊದಲಿ, ಕೊನೆಗೆ ಉಸಿರು ನಿಲ್ಲುವ ಆ ಕ್ರಮ ಅರಿವಳಿಕೆ ತಜ್ಞರಿಗೆ ತೀರ ಪರಿಚಿತ. ಹಾವು ಕಚ್ಚಿದವರಿಗೆ ಆಂಟಿವೆನಮ್ ಜೊತೆ ನಿಯೋಸ್ಟಿಗ್ಮಿನ್ ಕೊಟ್ಟು ನೋಡುವುದು ಆ ಕಾರಣಕ್ಕೇ.

ನಿಯೋಸ್ಟಿಗ್ಮಿನ್ ಥಿಯೇಟರಿನ ಹಳೆಯ ರಿವರ್ಸಲ್, ಅಂದರೆ ಸಡಿಲಿಸುವ ಮದ್ದಿನ ಪ್ರಭಾವ ಇಳಿಸುವ ಮದ್ದು. ಅದು ಅಸಿಟೈಲ್‌ಕೋಲಿನ್ ಒಡೆಯದಂತೆ ತಡೆದು, ಹೆಚ್ಚಿದ ರಸದಿಂದ ಮದ್ದನ್ನು ಗ್ರಾಹಕದಿಂದ ನೂಕಿಸುತ್ತದೆ. ಗುಂಡಿಗೆ ನಿಧಾನವಾಗದಿರಲೆಂದು ಗ್ಲೈಕೋಪೈರೋಲೇಟ್ ಜೊತೆಗೆ ಹೋಗುತ್ತದೆ. ಅದರ ಬಲಕ್ಕೊಂದು ಮಿತಿಯಿದೆ: ನಾಲ್ಕೂ ಕುಣಿತ ಬರುವ ಮೊದಲೇ ಕೊಟ್ಟರೆ, ಎಷ್ಟು ಸುರಿದರೂ ಕೆಲಸ ಪೂರ್ತಿಯಾಗುವುದಿಲ್ಲ. ಸುಗಮ್ಮಡೆಕ್ಸ್ ಬೇರೆ ಜಾಯಮಾನದ್ದು. ಉಂಗುರದಾಕಾರದ ಸಕ್ಕರೆಯ ಅಣು ರೊಕ್ಯುರೋನಿಯಂ ಅಣುವನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ. ಆರ್ಗನಾನ್ ಕಂಪನಿಯಲ್ಲಿ ಹುಟ್ಟಿ 2008ರಲ್ಲಿ ಯುರೋಪಿನಲ್ಲಿ, 2015ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅಟ್ರಕ್ಯೂರಿಯಂ ಮೇಲೆ ಅದಕ್ಕೆ ಹಿಡಿತವಿಲ್ಲ.

ಇಂಥ ಮದ್ದು ಬಂದ ಮೇಲೆ ಅಳೆಯುವುದೇಕೆ ಎಂದು ಹಲವರು ಕೇಳಿದರು. ಆದರೆ ಅದರ ಡೋಸನ್ನೇ ನಿರ್ಧರಿಸುವುದು ಹೆಬ್ಬೆರಳು: ಎರಡು ಕುಣಿತ ಮರಳಿದ್ದರೆ ಕಿಲೋ ತೂಕಕ್ಕೆ 2 ಮಿಲಿಗ್ರಾಂ, ಅದಕ್ಕಿಂತ ಆಳವಿದ್ದರೆ 4. ಅಳೆಯದೆ ಸುಗಮ್ಮಡೆಕ್ಸ್ ಕೊಟ್ಟ ಜಪಾನಿನ ರೋಗಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 4.3 ಮಂದಿ 0.9 ಮುಟ್ಟಿರಲಿಲ್ಲ. ನಿಯೋಸ್ಟಿಗ್ಮಿನ್‌ಗೆ ಹೋಲಿಸಿದರೆ ಬಹಳ ಒಳ್ಳೆಯ ಅಂಕಿ, ಸೊನ್ನೆಯಂತೂ ಅಲ್ಲ.

ಫ್ರಾನ್ಸಿನ ಒಂದು ಆಸ್ಪತ್ರೆಯ ಲೆಕ್ಕ ಈ ಚರ್ಚೆಯಲ್ಲಿ ಹೆಚ್ಚು ತೂಕದ್ದು, ಏಕೆಂದರೆ ಅಲ್ಲಿ ಹೊಸ ಮದ್ದು ಇನ್ನೂ ಬಂದಿರಲಿಲ್ಲ. ಅಲ್ಲಿ 1995ರಲ್ಲಿ ಅಂಕಿಯಿಂದ ಅಳೆಯುತ್ತಿದ್ದದ್ದು ನೂರಕ್ಕೆ 2 ರೋಗಿಗಳಲ್ಲಿ. ರಿಕವರಿಯಲ್ಲಿ ಮದ್ದು ಉಳಿದವರು ನೂರಕ್ಕೆ 62. ಆ ಫಲಿತಾಂಶವನ್ನು ವೈದ್ಯರ ಮುಂದಿಟ್ಟು, ಥಿಯೇಟರುಗಳಿಗೆ ಯಂತ್ರ ಒದಗಿಸಿ, ಮತ್ತೆ ಮತ್ತೆ ಸಮೀಕ್ಷೆ ಮಾಡಿದರು. 2004ರ ಹೊತ್ತಿಗೆ ಅಳತೆ ನೂರಕ್ಕೆ 60ಕ್ಕೆ ಏರಿ, ಮದ್ದು ಉಳಿದವರು 3ಕ್ಕೆ ಇಳಿದಿದ್ದರು. ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘ 2021ರಲ್ಲಿ, ಅಮೆರಿಕದ ಮತ್ತು ಯುರೋಪಿನ ಸಂಘಗಳು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಕಣ್ಣಳತೆಯನ್ನು ಬದಿಗಿಟ್ಟು ಅಂಕಿಯ ಅಳತೆಯನ್ನೇ ಕೇಳುತ್ತವೆ. ಹುಬ್ಬು ಬೇಡ, ಹೆಬ್ಬೆರಳು ಬೇಕು. ಟ್ಯೂಬು ತೆಗೆಯುವ ಮುನ್ನ 0.9 ಮುಟ್ಟಿರಬೇಕು. ರೋಗಿ ನಿದ್ದೆಹೋದ ಮೇಲೆ, ಸಡಿಲಿಸುವ ಮದ್ದು ಒಳಹೋಗುವ ಮುನ್ನ ಒಮ್ಮೆ ಅಳೆದಿಟ್ಟುಕೊಂಡರೆ ಕೊನೆಯ ಅಂಕಿಯನ್ನು ನಂಬಬಹುದು. ಅಲುಗಾಟ ಅಳೆಯುವ ಯಂತ್ರಗಳಲ್ಲಿ ಆರಂಭದ ಅಂಕಿಯೇ 1 ದಾಟಿರುವುದುಂಟು. ಅಂಥ ಕೈಯಲ್ಲಿ ಕೊನೆಗೆ 0.9 ಕಂಡರೂ ಚೇತರಿಕೆ ಬಾಕಿಯಿರುತ್ತದೆ, ಟ್ಯೂಬು ಇನ್ನೂ ಸ್ವಲ್ಪ ಹೊತ್ತು ಒಳಗೇ ಇರಬೇಕು.